ಹೊಲದಲ್ಲಿ ಎಲುಬು ಸಿಕ್ಕರೆ: ಮೊದಲು ನೀವು ಮಾಡಬೇಕಾದ್ದು, ಆಮೇಲೆ ತಜ್ಞರು ಮಾಡುವುದು

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗೆಂದು ನೆಲ ಅಗೆದಾಗ ತಲೆಬುರುಡೆಗಳು ಹೊರಬಂದದ್ದು ನಮ್ಮ ಕಡೆಯ ಜನರಿಗೆ ಇನ್ನೂ ನೆನಪಿದೆ. ಒಂದೆರಡಲ್ಲ, ನೂರಾರು. ಪಂಪನ ಊರು ಕೆಲವು ಕಾಲ ಬುರುಡೆಗಳ ಊರಾಗಿಬಿಟ್ಟಿತ್ತು. ಯುದ್ಧದಲ್ಲಿ ತಲೆ ಕಡಿದದ್ದು ಎಂದರು ಕೆಲವರು. ಬರಗಾಲದಲ್ಲಿ ಸತ್ತವರು ಎಂದರು ಇನ್ನು ಕೆಲವರು. ಕಾರ್ಬನ್ ಪರೀಕ್ಷೆ ಮಾಡಿಸಿದ ಮೇಲೆ ಒಂದಂತೂ ಖಾತ್ರಿಯಾಯಿತು: ಇವು ನಿನ್ನೆ ಮೊನ್ನೆಯವಲ್ಲ, ಶತಮಾನಗಳ ಹಿಂದಿನವು.

ಅಷ್ಟು ದೊಡ್ಡ ಸುದ್ದಿ ಆಗದಿದ್ದರೂ ಎಲುಬು ಸಿಗುವುದು ಅಂಥ ಅಪರೂಪವಲ್ಲ. ಧಾರವಾಡ, ಗದಗ, ಹಾವೇರಿ ಕಡೆ ಕೃಷಿ ಹೊಂಡ ತೋಡುತ್ತಾರೆ, ಮನೆಗೆ ಪಾಯ ತೆಗೆಯುತ್ತಾರೆ, ನೀರಿನ ಪೈಪಿಗೆಂದು ಓಣಿ ಅಗೆಯುತ್ತಾರೆ. ಜೆಸಿಬಿಯ ಬಕೆಟ್ಟಿನಲ್ಲಿ ಮಣ್ಣಿನ ಜತೆ ಬೇರೇನೋ ಮೇಲೆ ಬರುತ್ತದೆ. ಅಲ್ಲಿಂದ ಮುಂದಿನ ಹತ್ತು ನಿಮಿಷದಲ್ಲಿ ಅಲ್ಲಿದ್ದವರು ಏನು ಮಾಡುತ್ತಾರೋ ಅದರ ಮೇಲೆ ಮುಂದಿನ ಎಲ್ಲ ತನಿಖೆ ನಿಂತಿರುತ್ತದೆ. ಏಕೆಂದರೆ ಬರೀ ಎಲುಬು ಹೇಳುವುದು ಅರ್ಧ ಮಾತ್ರ. ಅದು ಯಾವ ಮಣ್ಣಿನಲ್ಲಿ, ಯಾವ ಭಂಗಿಯಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನುವುದೇ ಉಳಿದರ್ಧ. ಈ ಲೇಖನ ಆ ಹತ್ತು ನಿಮಿಷದಿಂದ ಶುರುವಾಗಿ ಕೋರ್ಟಿನವರೆಗೆ ಹೋಗುತ್ತದೆ.

ಯಾರು ಈ ತಜ್ಞರು?

ಮೈಮಾಂಸ ಕರಗಿ ಬರೀ ಎಲುಬು ಉಳಿದಾಗ, ಸುಟ್ಟು ಚೂರಾದಾಗ, ಅಥವಾ ಹಲವರ ಎಲುಬು ಒಂದರಲ್ಲೊಂದು ಬೆರೆತಾಗ ಸಾಮಾನ್ಯ ಪೋಸ್ಟ್‌ಮಾರ್ಟಮ್ ಸಾಕಾಗುವುದಿಲ್ಲ. ಆಗ ಬೇಕಾಗುವುದು ಫೊರೆನ್ಸಿಕ್ ಮಾನವಶಾಸ್ತ್ರ. ಇದು ಯಾರ ಎಲುಬು, ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರ ಎಷ್ಟು, ಸತ್ತು ಎಷ್ಟು ಕಾಲವಾಯಿತು, ಮೈಮೇಲೆ ಪೆಟ್ಟು ಬಿದ್ದಿತ್ತೇ? ಎಲುಬಿನಿಂದಲೇ ಇದಕ್ಕೆ ಉತ್ತರ ಹುಡುಕುವುದು ಇವರ ಕೆಲಸ.

ಟಿವಿ ಧಾರಾವಾಹಿ ನೋಡಿ, ಪ್ರತಿ ಜಿಲ್ಲೆಯಲ್ಲೂ ಇಂಥವರ ಒಂದು ತಂಡ ವ್ಯಾನ್ ಹತ್ತಿ ಕಾಯುತ್ತಿರುತ್ತದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಇದನ್ನೇ ಪೂರ್ಣಾವಧಿ ಮಾಡುವವರು ಕಡಿಮೆ. ಸಾಮಾನ್ಯವಾಗಿ ಎಲುಬು ಹೋಗುವುದು ಸರ್ಕಾರಿ ಮೆಡಿಕಲ್ ಕಾಲೇಜಿನ ಫೊರೆನ್ಸಿಕ್ ಮೆಡಿಸಿನ್ ವಿಭಾಗಕ್ಕೆ. ಹುಬ್ಬಳ್ಳಿಯ ಕಿಮ್ಸ್ (ಹೆಸರು ಬದಲಾಗಿದೆ, ಜನ ಮಾತ್ರ ಹಳೆಯದನ್ನು ಬಿಟ್ಟಿಲ್ಲ), ಗದಗದ ಜಿಮ್ಸ್ ಇಂಥ ಕಡೆ. ಅಲ್ಲಿಂದ ಬೇಕಾದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ರಾಜ್ಯದ ಮುಖ್ಯ ಲ್ಯಾಬ್ ಬೆಂಗಳೂರಿನ ಮಡಿವಾಳದಲ್ಲಿದೆ, ಬೆಳಗಾವಿಯಲ್ಲಿ ಪ್ರಾದೇಶಿಕ ಲ್ಯಾಬ್ ಇದೆ. ಪ್ರಕರಣ ದೊಡ್ಡದಾದರೆ, ಹಳೆಯದಾದರೆ, ವಿಶ್ವವಿದ್ಯಾಲಯಗಳ ಮಾನವಶಾಸ್ತ್ರಜ್ಞರನ್ನೂ ಪುರಾತತ್ವ ಇಲಾಖೆಯವರನ್ನೂ ಕರೆಸುತ್ತಾರೆ.

ಮೊದಲ ಹೆಜ್ಜೆ: ಜೆಸಿಬಿ ಬಂದ್ ಮಾಡಿ

"ಅಣ್ಣಾ, ಬಂದ್ ಮಾಡು, ಏನೋ ಎಲುಬು ಬಂದೈತಿ ನೋಡು." ಇಷ್ಟು ಹೇಳಿದರೆ ಸಾಕು. ಬಕೆಟ್ಟನ್ನು ಇದ್ದಲ್ಲೇ ನಿಲ್ಲಿಸಿ. ಅದರಲ್ಲಿರುವ ಮಣ್ಣನ್ನು ಸುರಿಯಬೇಡಿ. ಈಗಾಗಲೇ ಸುರಿದಾಗಿದ್ದರೆ ಆ ಗುಡ್ಡೆ ಯಾವುದು ಎಂದು ಗುರುತು ಮಾಡಿಡಿ. ಹಲ್ಲು, ಬೆರಳಿನ ಎಲುಬು, ಗುಂಡಿ, ಉಂಗುರ ಎಲ್ಲ ಆ ಗುಡ್ಡೆಯಲ್ಲೇ ಇರುತ್ತವೆ.

ಎಲುಬನ್ನು ಮುಟ್ಟಬೇಡಿ, ಎತ್ತಬೇಡಿ, ನೀರು ಹಾಕಿ ತೊಳೆಯಬೇಡಿ. ಸಾಲಾಗಿ ಜೋಡಿಸಿ ಫೋಟೋ ತೆಗೆಯುವ ಚಟ ಬಹಳ ಜನಕ್ಕಿದೆ. ಫೋಟೋ ಬೇಕಿದ್ದರೆ ಇದ್ದ ಹಾಗೆಯೇ ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ಹತ್ತಿರದ್ದರಲ್ಲಿ ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ಪೆನ್ನು ಇಡಿ, ಎಲುಬಿಗೆ ತಾಗದ ಹಾಗೆ. ಆ ಫೋಟೋವನ್ನು ಪೊಲೀಸರಿಗೆ ಕೊಡಿ, ಊರಿನ ವಾಟ್ಸ್ಆಪ್ ಗುಂಪಿಗಲ್ಲ. ಗುಂಪಿಗೆ ಹೋದರೆ ಅರ್ಧ ತಾಸಿನಲ್ಲಿ ಊರೇ ಬಂದು ನಿಲ್ಲುತ್ತದೆ. ಒಬ್ಬರು ಕೊಲೆ ಅನ್ನುತ್ತಾರೆ, ಇನ್ನೊಬ್ಬರು ಮಾಟ ಅನ್ನುತ್ತಾರೆ, ಮೂರನೆಯವರು ನಿಧಿ ಅಂತ ಹಾರೆ ತರುತ್ತಾರೆ.

ಆಮೇಲೆ 112ಕ್ಕೆ ಫೋನ್ ಮಾಡಿ, ಅಥವಾ ನೇರ ಹತ್ತಿರದ ಠಾಣೆಗೆ. ಗ್ರಾಮ ಆಡಳಿತಾಧಿಕಾರಿಗೂ ಹೇಳಿ. ಮಳೆ ಬರುವ ಹಾಗಿದ್ದರೆ ತಾಡಪತ್ರಿ ಮುಚ್ಚಬಹುದು, ಆದರೆ ಅದು ಎಲುಬಿನ ಮೇಲೆ ಒರಗದಂತೆ ಸುತ್ತ ಕಟ್ಟಿಗೆ ನೆಟ್ಟು ಕಟ್ಟಿ. ನಾಯಿ ಬರದಂತೆ ಒಬ್ಬರು ಕಾಯಿರಿ.

ಬಹಳ ರೈತರ ಭಯ ಬೇರೆಯೇ. ಹೇಳಿದರೆ ಕೆಲಸ ನಿಲ್ಲುತ್ತದೆ, ಸುಮ್ನೆ ಕೋರ್ಟು ಕಚೇರಿ ಅಂತ ಅಲೆಯಬೇಕಾಗುತ್ತದೆ, ಅದಕ್ಕಿಂತ ಮುಚ್ಚಿಬಿಡುವುದು ಚಲೋ ಅಂತ. ಭಯ ಅರ್ಥವಾಗುವಂಥದ್ದೇ. ಆದರೆ ನೆಲದಲ್ಲಿ ಎಲುಬು ಸಿಕ್ಕಿದ್ದು ಅಪರಾಧವಲ್ಲ. ಅಪರಾಧವೊಂದು ನಡೆದಿದೆ ಎಂದು ಗೊತ್ತಿದ್ದೂ ಅಪರಾಧಿಯನ್ನು ಉಳಿಸಲು ಸಾಕ್ಷ್ಯ ಮರೆಮಾಡಿದರೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಮು ಹೇಳುವುದು ಅದನ್ನೇ. ಇವತ್ತು ಮುಚ್ಚಿದ್ದು ನಾಳೆ ಬೇರೆ ದಾರಿಯಲ್ಲಿ ಹೊರಬಂದರೆ ಆಗ ಉತ್ತರ ಕೊಡುವುದು ನಿಜಕ್ಕೂ ಕಷ್ಟ.

ಎಲುಬಿನ ಜತೆ ಹಳೆಯ ನಾಣ್ಯ, ಒಡವೆ ಸಿಕ್ಕರೆ ಅದು ನಿಧಿ ಕಾಯ್ದೆಯಡಿ ಬರುತ್ತದೆ. ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಲಕ್ಕುಂಡಿಯಂಥ ಊರಿನಲ್ಲಿ ಪಾಯ ತೆಗೆಯುವವರು ಇದನ್ನು ತಿಳಿದೇ ಗುದ್ದಲಿ ಹಿಡಿದರೆ ಒಳ್ಳೆಯದು.

ಎರಡನೆಯದು: ಇದು ಮನುಷ್ಯರದ್ದಾ?

ತಜ್ಞರು ಕೇಳುವ ಮೊದಲ ಪ್ರಶ್ನೆ ಇದು. ಎಷ್ಟೋ ಸಲ ಉತ್ತರ ಕುರಿ, ಆಡು, ದನ, ನಾಯಿ. ಬುರುಡೆ ಇದ್ದರೆ ಯಾರಿಗೂ ಗೊತ್ತಾಗುತ್ತದೆ. ಕಷ್ಟ ಇರುವುದು ಕೈಕಾಲಿನ ತುಂಡುಗಳಲ್ಲಿ. ದನ, ಕುರಿಗಳ ಗೊರಸಿನ ಮೇಲೆ ಎರಡು ಎಲುಬು ಕೂಡಿ ಒಂದಾದ ಉದ್ದನೆಯ ಎಲುಬು ಇರುತ್ತದೆ. ಅದರ ಕೆಳತುದಿ ಜೋಡಿ ಗಾಲಿಯ ಆಕಾರ. ಮನುಷ್ಯರಲ್ಲಿ ಅಂಥದ್ದು ಯಾವುದೂ ಇಲ್ಲ. ಪ್ರಾಣಿಗಳ ಎಲುಬಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಟೊಳ್ಳು ಸಣ್ಣದು. ತೀರಾ ಚೂರಾಗಿದ್ದರೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಒಂದು ಎಚ್ಚರಿಕೆ. ಸಣ್ಣ, ತೆಳ್ಳನೆಯ ಎಲುಬು ಕಂಡು "ಕೋಳಿದಿರಬೇಕು" ಅಂತ ಎಸೆಯಬೇಡಿ. ಹಸುಗೂಸಿನ ಎಲುಬು ಹಾಗೆಯೇ ಕಾಣುತ್ತದೆ. ದೊಡ್ಡವರ ಮೈಯಲ್ಲಿ 206 ಎಲುಬುಗಳಿದ್ದರೆ ಕೂಸಿನಲ್ಲಿ ಇನ್ನೂ ಜಾಸ್ತಿ, ಏಕೆಂದರೆ ಒಂದೊಂದೂ ಇನ್ನೂ ತುಂಡು ತುಂಡಾಗಿಯೇ ಇರುತ್ತದೆ.

ಹುಬ್ಬಳ್ಳಿಯಂಥ ಶಹರದಲ್ಲಿ ಇನ್ನೊಂದು ತಮಾಷೆಯೂ ಉಂಟು. ಬುರುಡೆಯ ಮೇಲ್ಭಾಗವನ್ನು ನೀಟಾಗಿ ಗರಗಸದಲ್ಲಿ ಕೊಯ್ದಿದೆ, ಸಣ್ಣ ತೂತು ಕೊರೆದು ತಂತಿ ಹಾಕಿದೆ, ಮೇಲೆ ಪೆನ್ನಿನಲ್ಲಿ ಹೆಸರು ಬರೆದಿದೆ ಅಂದರೆ ಅದು ಯಾರೋ ವೈದ್ಯಕೀಯ ವಿದ್ಯಾರ್ಥಿ ಓದಲು ಇಟ್ಟುಕೊಂಡಿದ್ದ ಹಳೆಯ ಸೆಟ್ಟು. ಓದು ಮುಗಿದ ಮೇಲೆ ಎಲ್ಲಿಡಬೇಕು ತಿಳಿಯದೆ ಎಸೆದಿರುತ್ತಾರೆ. ಪೊಲೀಸರು ಬರಲೇಬೇಕು, ಆದರೆ ಕಥೆ ಬೇಗ ಮುಗಿಯುತ್ತದೆ.

ಮೂರನೆಯದು: ಹಳೆಯದೋ, ಹೊಸದೋ?

ಇಲ್ಲಿ ಊರು ಗೊತ್ತಿರುವವರ ತಿಳಿವಳಿಕೆ ಲ್ಯಾಬಿಗಿಂತ ಮೊದಲು ಕೆಲಸಕ್ಕೆ ಬರುತ್ತದೆ. ನಮ್ಮ ಕಡೆ ಹೊಲದಲ್ಲೇ ಹಿರಿಯರನ್ನು ಮಣ್ಣು ಮಾಡುವ ರೂಢಿ ಇದೆ. ಲಿಂಗಾಯತರಲ್ಲಿ ಶವವನ್ನು ಕೂರಿಸಿ ಹೂಳುತ್ತಾರೆ. ಈಗ ಯೋಚಿಸಿ: ಕುಳಿತ ದೇಹ ಕರಗುತ್ತಾ ಬಂದಂತೆ ಬುರುಡೆ ಜಾರಿ ಕೆಳಗೆ ಬರುತ್ತದೆ, ಬೆನ್ನುಮಣಿ ಕುಸಿಯುತ್ತದೆ, ಪಕ್ಕೆಲುಬುಗಳು ಸೊಂಟದ ಮೇಲೆ ಗುಡ್ಡೆಯಾಗುತ್ತವೆ, ಮಡಚಿದ ಕಾಲಿನ ಎಲುಬುಗಳು ತಳದಲ್ಲಿ ಅಡ್ಡಡ್ಡ ಉಳಿಯುತ್ತವೆ. ಗೊತ್ತಿಲ್ಲದವರು ನೋಡಿದರೆ "ಕಡಿದು ಗುಂಡಿಗೆ ತುಂಬಿದ್ದಾರೆ" ಎಂದೇ ಅನ್ನಿಸುತ್ತದೆ. ತಿಳಿದವರು ತಳದಲ್ಲಿರುವ ಕಾಲುಗಳನ್ನು ನೋಡುತ್ತಾರೆ, ಎಲುಬು ಬಿದ್ದ ಕ್ರಮ ನೋಡುತ್ತಾರೆ, ವಿಭೂತಿ ಗಟ್ಟಿಯ ಬಿಳಿ ಚೂರು, ಇಷ್ಟಲಿಂಗ ಇದೆಯೇ ಹುಡುಕುತ್ತಾರೆ. ಇವೆಲ್ಲ ಇದ್ದರೆ ಅದು ಕ್ರಿಯಾಸಮಾಧಿ. ಬಕೆಟ್ಟು ಒಂದೇ ಸಲ ಬಾಚಿ ಎತ್ತಿದರೆ ಈ ಕ್ರಮವೇ ಹೋಗುತ್ತದೆ. ಆಮೇಲೆ ಸಮಾಧಿಗೂ ಕೊಲೆಗೂ ವ್ಯತ್ಯಾಸ ಹೇಳುವುದು ದೊಡ್ಡ ತಲೆನೋವು.

ಮುಸ್ಲಿಮರ ಕಬರ್ ಆಗಿದ್ದರೆ ನಮ್ಮ ಕಡೆ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಮುಖ ಪಶ್ಚಿಮಕ್ಕೆ ಇರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಂಥ ನವಶಿಲಾಯುಗದ, ಕಬ್ಬಿಣ ಯುಗದ ನೆಲೆಗಳಿವೆ. ಅಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದ್ದರು. ಅಂಥ ಕಡೆ ಎಲುಬಿನ ಜತೆ ಕಪ್ಪು-ಕೆಂಪು ಮಡಕೆ ಚೂರು ಬಂದರೆ ಠಾಣೆಗಿಂತ ಪುರಾತತ್ವ ಇಲಾಖೆಗೆ ಜಾಸ್ತಿ ಕೆಲಸ. ಹಳೆಯ ಮನೆಗಳ ಅಡಿಯಲ್ಲಿ ಸಿಗುವ ಆಳವಾದ ಗುಂಡಿಗಳೆಲ್ಲ ಗೋರಿಗಳಲ್ಲ, ಜೋಳ ತುಂಬಿಡುತ್ತಿದ್ದ ಹಗೇವು ಇರಬಹುದು ಅನ್ನುವುದನ್ನೂ ನೆನಪಿಡಬೇಕು.

ಮಣ್ಣೂ ಮಾತಾಡುತ್ತದೆ. ನವಲಗುಂದ, ರೋಣದ ಎರೆ ಭೂಮಿ ಕ್ಷಾರೀಯ, ಸುಣ್ಣದ ಅಂಶ ಇರುವ ಮಣ್ಣು. ಆಮ್ಲೀಯ ಮಣ್ಣಿಗಿಂತ ಇದರಲ್ಲಿ ಎಲುಬು ಕರಗುವುದು ನಿಧಾನ. ಆದರೆ ಇದೇ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ವರ್ಷ ವರ್ಷ ಹೀಗೆ ಹಿಗ್ಗಿ ಕುಗ್ಗಿ ಎಲುಬನ್ನು ಮುರಿಯುತ್ತದೆ, ಸರಿಸುತ್ತದೆ. ಮೇಲೆ ಬಿದ್ದ ಗುಟ್ಕಾ ಚೀಟಿ ಬಿರುಕಿನಲ್ಲಿ ಜಾರಿ ಮೂರಡಿ ಕೆಳಗೆ ಎಲುಬಿನ ಪಕ್ಕ ಕೂರಬಹುದು. ಹಾಗಾಗಿ ಪಕ್ಕದಲ್ಲಿ ಪ್ಲಾಸ್ಟಿಕ್ ಸಿಕ್ಕಿತು ಎಂದ ಮಾತ್ರಕ್ಕೆ ಎಲುಬು ಹೊಸದು ಎನ್ನಲಾಗದು. ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಈ ತೊಂದರೆ ಕಡಿಮೆ.

ಕೊನೆಯ ಮಾತು ಲ್ಯಾಬಿನದ್ದು. ಜೀವಿಗಳ ಮೈಯಲ್ಲಿರುವ ಕಾರ್ಬನ್-14 ಎಂಬ ಅಂಶ ಸತ್ತ ಮೇಲೆ ಕ್ರಮೇಣ ಕಡಿಮೆಯಾಗುತ್ತದೆ. ಅದು ಅರ್ಧ ಆಗಲು ಸುಮಾರು 5730 ವರ್ಷ ಬೇಕು, ಅದರ ಲೆಕ್ಕದಲ್ಲಿ ಹಳೆಯ ಎಲುಬಿನ ಕಾಲ ಹೇಳುತ್ತಾರೆ. ಹೊಸ ಎಲುಬಿಗೆ ಇನ್ನೊಂದು ಉಪಾಯವಿದೆ. 1950ರ ದಶಕದಿಂದ ದೇಶದೇಶಗಳು ಬಯಲಲ್ಲಿ ಅಣುಬಾಂಬ್ ಸಿಡಿಸಿ ನೋಡಿದ್ದರಿಂದ ಗಾಳಿಯಲ್ಲಿ ಕಾರ್ಬನ್-14 ವಿಪರೀತ ಏರಿತು. ಅದು ಬೆಳೆಗೆ ಹೋಯಿತು, ಊಟದಲ್ಲಿ ಬಂತು, ನಮ್ಮೆಲ್ಲರ ಹಲ್ಲು ಎಲುಬಿನಲ್ಲಿ ಕೂತಿತು. ಆ ಗುರುತು ಇದ್ದರೆ ಆ ವ್ಯಕ್ತಿ ಬಾಂಬುಗಳ ಕಾಲದಲ್ಲಿ ಅಥವಾ ಆಮೇಲೆ ಬದುಕಿದ್ದರು ಎಂದರ್ಥ. ಪೊಲೀಸರಿಗೆ ಬೇಕಾದ ಗೆರೆ ಸರಿಯಾಗಿ ಅದೇ.

ಅಗೆಯುವ ಕೆಲಸ

ನೆಲದಲ್ಲಿ ಹೂಳಿದ ದೇಹವನ್ನು ಹೊರತೆಗೆಯಲು ಪೊಲೀಸರು ತಾವೇ ಗುದ್ದಲಿ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮು ಈ ಅಧಿಕಾರದ್ದು. ನಮ್ಮ ತಾಲೂಕುಗಳಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಅಥವಾ ಎಸಿ (ಉಪವಿಭಾಗಾಧಿಕಾರಿ) ಸ್ಥಳದಲ್ಲಿ ನಿಂತಿರುತ್ತಾರೆ. ಪಂಚರು ಇರುತ್ತಾರೆ, ಪಂಚನಾಮೆ ಆಗುತ್ತದೆ, ಕೆಲಸ ಹಗಲು ಹೊತ್ತಿನಲ್ಲೇ ನಡೆಯುತ್ತದೆ. ಹೂತು ಎಷ್ಟು ವರ್ಷವಾಗಿದ್ದರೂ ತೆಗೆಯಬಹುದು, ಅದಕ್ಕೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ.

ಮೊದಲು ಜಾಗಕ್ಕೆ ಹಗ್ಗ ಕಟ್ಟಿ ಚೌಕ ಚೌಕ ಮಾಡುತ್ತಾರೆ. ಮೇಲಿನ ಮಣ್ಣನ್ನು ತೆಳ್ಳಗೆ ಹೆರೆಯುತ್ತಾರೆ. ಒಮ್ಮೆ ಅಗೆದು ಮುಚ್ಚಿದ ಗುಂಡಿಯ ಮಣ್ಣು ಸುತ್ತಲಿನ ಮಣ್ಣಿಗಿಂತ ಸಡಿಲ, ಬಣ್ಣವೂ ಬೇರೆ. ಹೆರೆದ ನೆಲದಲ್ಲಿ ಗುಂಡಿಯ ಅಂಚು ಗೆರೆಯಂತೆ ಕಾಣಿಸುತ್ತದೆ. ಆ ಅಂಚಿನಲ್ಲಿ ಗುದ್ದಲಿಯ, ಸಲಿಕೆಯ ಏಟಿನ ಗುರುತು ಉಳಿದಿದ್ದರೆ ಅದೂ ಸಾಕ್ಷಿಯೇ. ಮೇಲಿನಿಂದ ಕೆಳಗೆ ಬರುತ್ತಾ ಸಣ್ಣ ಕರಣಿ, ಬಿದಿರು ಕಡ್ಡಿ, ಬ್ರಷ್ ಹಿಡಿಯುತ್ತಾರೆ. ಕಬ್ಬಿಣದ ಚೂಪು ಎಲುಬಿನ ಮೇಲೆ ಗೀರು ಮಾಡಿದರೆ ಆಮೇಲೆ ಅದು ಚಾಕುವಿನದ್ದೋ ಇವರದ್ದೋ ಎಂಬ ಜಗಳ. ಎಲುಬೆಲ್ಲ ಪೂರ್ತಿ ಕಂಡ ಮೇಲೆಯೇ, ಅಳತೆಪಟ್ಟಿ ಮತ್ತು ಉತ್ತರ ದಿಕ್ಕಿನ ಬಾಣ ಇಟ್ಟು ಫೋಟೋ ತೆಗೆದು, ನಕ್ಷೆ ಬರೆದುಕೊಂಡು, ಒಂದೊಂದಾಗಿ ಎತ್ತುತ್ತಾರೆ.

ತೆಗೆದ ಮಣ್ಣೆಲ್ಲ ಸಾಣಿಗೆಯಲ್ಲಿ ಸೋಸಬೇಕು. ನೋಡುವವರಿಗೆ ಬೇಜಾರು ಹಿಡಿಸುವ ಕೆಲಸ ಇದು, ಆದರೆ ಹಲ್ಲು ಸಿಗುವುದು ಇದರಲ್ಲೇ. ವಿಷದ ಅನುಮಾನವಿದ್ದರೆ ದೇಹದ ಮೇಲಿನ, ಕೆಳಗಿನ, ಪಕ್ಕದ ಮಣ್ಣು ಬೇರೆ ಬೇರೆ ತೆಗೆದುಕೊಳ್ಳುತ್ತಾರೆ. ಸ್ವಲ್ಪ ದೂರದ ಮಣ್ಣೂ ಒಂದಿಷ್ಟು ಬೇಕು, ಇಲ್ಲದಿದ್ದರೆ ಆರ್ಸೆನಿಕ್ ಸಿಕ್ಕಾಗ ಅದು ನೆಲದ್ದೇ ಇರಬಹುದಲ್ವಾ ಎಂದು ಎದುರು ವಕೀಲರು ಕೇಳುತ್ತಾರೆ. ಎಲುಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದಿಲ್ಲ. ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಕಾಗದದ ಚೀಲ, ರಟ್ಟಿನ ಪೆಟ್ಟಿಗೆ, ಒಂದೊಂದಕ್ಕೂ ಚೀಟಿ, ಸೀಲು, ಸಹಿ. ಕೈಯಿಂದ ಕೈಗೆ ಹೋದ ಪ್ರತಿ ಸಲವೂ ಬರೆದಿಟ್ಟಿರಬೇಕು. ಕೋರ್ಟಿನಲ್ಲಿ ಎಷ್ಟೋ ಸಲ ಕೇಸು ಬೀಳುವುದು ವಿಜ್ಞಾನ ತಪ್ಪಾಗಿ ಅಲ್ಲ, ಇಂಥ ಕಡೆ ಒಂದು ಸಹಿ ತಪ್ಪಿ.

ಮೇಜಿನ ಮೇಲೆ

ಲ್ಯಾಬಿನಲ್ಲಿ ಎಲುಬುಗಳನ್ನು ಸ್ವಚ್ಛ ಮಾಡಿ, ಮನುಷ್ಯ ಮಲಗಿದ ಕ್ರಮದಲ್ಲಿ ಜೋಡಿಸುತ್ತಾರೆ. ಮೊದಲು ಎಷ್ಟು ಜನ ಎಂಬ ಲೆಕ್ಕ. ಎಡ ತೊಡೆ ಎಲುಬು ಎರಡಿದ್ದರೆ ಕನಿಷ್ಠ ಇಬ್ಬರು. ಅಷ್ಟೇ ಸರಳ.

ಗಂಡೋ ಹೆಣ್ಣೋ ಅನ್ನಲು ಸೊಂಟದ ಎಲುಬಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಹೆರಿಗೆಗೆ ದಾರಿ ಬೇಕಾದ್ದರಿಂದ ಹೆಂಗಸರ ಸೊಂಟ ಅಗಲ. ಮುಂದೆ ಎರಡು ಎಲುಬು ಕೂಡುವಲ್ಲಿ ಕೆಳಗಿನ ಕೋನ ಅಗಲವಾಗಿರುತ್ತದೆ, ಗಂಡಸರಲ್ಲಿ ಇಕ್ಕಟ್ಟು. ಹಿಂದಿನ ಕಚ್ಚಿನಲ್ಲೂ ಅದೇ ವ್ಯತ್ಯಾಸ. 1969ರಲ್ಲಿ ಟಿ.ಡಬ್ಲ್ಯು. ಫೆನಿಸ್ ಇದೇ ಮುಂದಿನ ಭಾಗದ ಮೂರು ಗುರುತುಗಳನ್ನು ಪಟ್ಟಿ ಮಾಡಿದ. ಇವತ್ತಿಗೂ ಎಲ್ಲ ಕಡೆ ಅದನ್ನು ನೋಡುತ್ತಾರೆ. ಬುರುಡೆಯಲ್ಲಾದರೆ ಹುಬ್ಬಿನ ದಿಣ್ಣೆ, ಕಿವಿಯ ಹಿಂದಿನ ಗಂಟು, ಗದ್ದ ನೋಡುತ್ತಾರೆ. ಸೊಂಟದಷ್ಟು ಖಾತ್ರಿ ಇಲ್ಲ. ಪ್ರಾಯಕ್ಕೆ ಬರದ ಮಕ್ಕಳಲ್ಲಿ ಈ ಯಾವ ವ್ಯತ್ಯಾಸವೂ ಮೂಡಿರುವುದಿಲ್ಲ, ಅಲ್ಲಿ ಡಿಎನ್‌ಎಯೇ ಗತಿ.

ವಯಸ್ಸು ಹೇಳುವುದು ಮಕ್ಕಳಲ್ಲಿ ಸುಲಭ, ದೊಡ್ಡವರಲ್ಲಿ ಕಷ್ಟ. ಮೊದಲ ಕಾಯಂ ದವಡೆ ಹಲ್ಲು ಸುಮಾರು 6ಕ್ಕೆ, ಎರಡನೆಯದು ಸುಮಾರು 12ಕ್ಕೆ ಬರುತ್ತದೆ. ಉದ್ದ ಎಲುಬಿನ ತುದಿಗಳು ಬೇರೆಯಾಗಿದ್ದು, ಹದಿಹರೆಯದಲ್ಲಿ ಒಂದೊಂದಾಗಿ ನಡು ಎಲುಬಿಗೆ ಬೆಸೆಯುತ್ತವೆ. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಕಾಲರ್ ಬೋನಿನ ಎದೆ ಕಡೆಯ ತುದಿ. ಅದು ಮುಗಿಯುವಾಗ ವಯಸ್ಸು ಮೂವತ್ತರ ಹತ್ತಿರ. ಆಮೇಲೆ ಬೆಳವಣಿಗೆ ನಿಂತು ಸವಕಳಿ ಶುರು. ಸೊಂಟದ ಮುಂದಿನ ಕೂಡುಜಾಗ ಯೌವನದಲ್ಲಿ ಏಣು ಏಣಾಗಿದ್ದು ವಯಸ್ಸಾದಂತೆ ಸಪಾಟಾಗುತ್ತದೆ, ಅಂಚು ಒಡೆಯುತ್ತದೆ. ಟಾಡ್ ಎಂಬ ಅಂಗರಚನಾ ತಜ್ಞ 1920ರಲ್ಲಿ ಇದನ್ನು ಹಂತ ಮಾಡಿ ತೋರಿಸಿದ, ಆಮೇಲಿನವರು ತಿದ್ದಿದರು. ನಲವತ್ತು ದಾಟಿದವರಲ್ಲಿ ತಜ್ಞರು "40ರಿಂದ 60" ಅಂತ ಅಗಲವಾಗಿಯೇ ಹೇಳುತ್ತಾರೆ. ಯಾರಾದರೂ ಬರೀ ಎಲುಬು ನೋಡಿ "47 ವರ್ಷ" ಎಂದರೆ ನಂಬಬೇಡಿ.

ಎತ್ತರಕ್ಕೆ ತೊಡೆ ಎಲುಬು ಬೇಕು. ಅಳೆಯುವ ಹಲಗೆ ಚಪ್ಪಲಿ ಅಂಗಡಿಯಲ್ಲಿ ಪಾದ ಅಳೆಯುವ ಪಟ್ಟಿಯ ಹಾಗೆಯೇ: ಒಂದು ತುದಿ ಗಟ್ಟಿ, ಇನ್ನೊಂದು ಸರಿಯುತ್ತದೆ. 1952ರಲ್ಲಿ ಟ್ರಾಟರ್ ಮತ್ತು ಗ್ಲೆಸರ್ ಎಂಬಿಬ್ಬರು ಅಮೆರಿಕದ ಬಿಳಿಯ ಗಂಡಸರಿಗೆ ಕೊಟ್ಟ ಸೂತ್ರ: ತೊಡೆ ಎಲುಬಿನ ಉದ್ದ × 2.38 + 61.41. ಎಲುಬು 45 ಸೆಂ.ಮೀ. ಇದ್ದರೆ ಎತ್ತರ ಸುಮಾರು 168.5 ಸೆಂ.ಮೀ., ಆಚೀಚೆ 3.27. ಆದರೆ ಅವರ ಮೈಕಟ್ಟೇ ಬೇರೆ, ನಮ್ಮದೇ ಬೇರೆ. ಆ ಸೂತ್ರವನ್ನು ಕಣ್ಣುಮುಚ್ಚಿ ನಮ್ಮವರಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ನಮ್ಮ ದೇಶದ ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಸೂತ್ರ ಮಾಡಿಕೊಂಡಿದ್ದಾರೆ. ವರದಿ ಓದುವಾಗ ಯಾವ ಸೂತ್ರ ಬಳಸಿದರು ಅಂತ ನೋಡುವುದು ಒಳ್ಳೆಯ ಅಭ್ಯಾಸ.

ಪೆಟ್ಟಿನ ಗುರುತು

ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಅನ್ನಿಸುವುದು ಈ ಭಾಗ. ಪ್ರಶ್ನೆ ಒಂದೇ: ಈ ಮುರಿತ ಯಾವಾಗಿನದು?

ಸಾಯುವ ಮೊದಲೇ ಆಗಿದ್ದರೆ ವಾಸಿಯಾಗಲು ಶುರುವಾಗಿರುತ್ತದೆ. ಕೆಲವು ವಾರ ಬದುಕಿದ್ದರೂ ಮುರಿದ ಅಂಚು ದುಂಡಗಾಗಿ ಹೊಸ ಎಲುಬು ಕೂಡಿರುತ್ತದೆ. ಸಾಯುವ ಹೊತ್ತಿನಲ್ಲಿ ಆಗಿದ್ದರೆ ಎಲುಬಿನಲ್ಲಿ ಇನ್ನೂ ಹಸಿ ಇರುತ್ತದೆ. ಅದು ಓರೆಯಾಗಿ, ನಯವಾದ ಅಂಚಿನಿಂದ ಮುರಿಯುತ್ತದೆ. ಮುರಿದ ಅಂಚು ಸಹ ಉಳಿದ ಎಲುಬಿನಷ್ಟೇ ಕಂದಾಗಿರುತ್ತದೆ, ಏಕೆಂದರೆ ಎರಡೂ ಅಷ್ಟೇ ವರ್ಷ ಮಣ್ಣಿನಲ್ಲಿದ್ದವು. ಜೆಸಿಬಿ ಮುರಿದದ್ದು ಹಾಗಲ್ಲ. ಒಣ ಎಲುಬು ಅಡ್ಡಕ್ಕೆ ಒರಟೊರಟಾಗಿ ಒಡೆಯುತ್ತದೆ, ಒಳಗಿನ ಬಣ್ಣ ಬೆಳ್ಳಗೆ ಕಾಣುತ್ತದೆ. ಹೊರಗೆ ಎರೆ ಮಣ್ಣಿನ ಕಪ್ಪು, ಅಂಚಿನಲ್ಲಿ ಬಿಳುಪು ಎಂದರೆ ಒಡೆದದ್ದು ಇವತ್ತು ಬೆಳಿಗ್ಗೆ.

ಅಣ್ಣಿಗೇರಿಯಂಥ ಪ್ರಶ್ನೆಗೂ ಉತ್ತರ ಹುಡುಕುವ ದಾರಿ ಇದೇ. ಬರೀ ತಲೆಗಳು ಸಿಕ್ಕವು, ಅಂದಮೇಲೆ ಕಡಿದದ್ದೇ ಎಂದು ಹೇಳಲಾಗದು. ಹಸಿ ಕೊರಳನ್ನು ಕಡಿದರೆ ಮೇಲಿನ ಒಂದೆರಡು ಕತ್ತಿನ ಮಣಿಗಳು ಬುರುಡೆಯ ಜತೆಯೇ ಬರುತ್ತವೆ, ಅವುಗಳ ಮೇಲೋ ದವಡೆಯ ಹಿಂಬದಿಯಲ್ಲೋ ಕತ್ತಿಯ ಗೀರು ಇರುತ್ತದೆ. ಕೆಳದವಡೆ ತನ್ನ ಜಾಗದಲ್ಲೇ ಇರುತ್ತದೆ. ಹಾಗಲ್ಲದೆ, ಎಲ್ಲೋ ಬಿದ್ದು ಮಾಂಸವೆಲ್ಲ ಹೋದ ಮೇಲೆ ಯಾರೋ ಆರಿಸಿ ತಂದು ಒಂದೆಡೆ ಹೂಳಿದ್ದರೆ ಕೆಳದವಡೆಗಳು ಕಳಚಿ ಬಿದ್ದಿರುತ್ತವೆ, ಮಣಿಗಳು ಇರುವುದಿಲ್ಲ, ಗೀರೂ ಇರುವುದಿಲ್ಲ. 1791-92ರ ಸುಮಾರಿನ ಡೋಗಿ ಬರದಲ್ಲಿ ಸತ್ತವರನ್ನು ಹೂಳುವವರೂ ಇಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಅದಕ್ಕೆ ಬುರುಡೆ ಬರ ಎಂದೇ ಹೆಸರು ಬಂದಿತ್ತು. ಇಂಥ ಎರಡು ಕಥೆಗಳ ನಡುವೆ ತೀರ್ಪು ಕೊಡುವುದು ಕತ್ತಿನ ಒಂದು ಸಣ್ಣ ಮಣಿ.

ಸುಟ್ಟ ಎಲುಬು ಮೊದಲು ಕಪ್ಪು, ಶಾಖ ಏರಿದಂತೆ ಬೂದು, ಕೊನೆಗೆ ಬಿಳಿ. ಬಿಳಿಯಾದ ಮೇಲೆ ಡಿಎನ್‌ಎ ಸಿಗುವ ಆಸೆ ಬಹುತೇಕ ಬಿಟ್ಟ ಹಾಗೆಯೇ.

ಹೆಸರು ಹುಡುಕುವುದು

"25ರಿಂದ 35ರ ಗಂಡಸು, ಎತ್ತರ ಸುಮಾರು ಐದೂವರೆ ಅಡಿ" ಎಂದು ವರದಿ ಬಂದರೆ ಪೊಲೀಸರು ಕಾಣೆಯಾದವರ ಪಟ್ಟಿ ತೆಗೆಯುತ್ತಾರೆ. ಅಲ್ಲಿಂದ ಒಬ್ಬರಿಗೆ ಇಳಿಸಲು ಎಕ್ಸ್‌ರೇ, ಹಲ್ಲು, ಡಿಎನ್‌ಎ ಬೇಕು. ಹಣೆಯೊಳಗಿನ ಗಾಳಿ ಗೂಡಿನ ಆಕಾರ ಒಬ್ಬರದ್ದು ಇನ್ನೊಬ್ಬರಿಗಿರುವುದಿಲ್ಲ. ಹಳೆಯ ಎಕ್ಸ್‌ರೇ ಇದ್ದರೆ ಹೋಲಿಸಬಹುದು. ಬುರುಡೆಯ ಮೇಲೆ ಫೋಟೋ ಕೂರಿಸಿ ನೋಡುವ ವಿಧಾನ 1935ರ ರಕ್ಸ್‌ಟನ್ ಪ್ರಕರಣದಿಂದ ಹೆಸರಾಯಿತು. ಇಂಗ್ಲೆಂಡಿನ ವೈದ್ಯನೊಬ್ಬ ಹೆಂಡತಿಯನ್ನೂ ಮನೆಕೆಲಸದ ಹುಡುಗಿಯನ್ನೂ ಕೊಂದು ತುಂಡು ಮಾಡಿ ಎಸೆದಿದ್ದ, ಗ್ಲೇಸ್ಟರ್ ಮತ್ತು ಬ್ರಾಶ್ ಎಂಬ ಪ್ರಾಧ್ಯಾಪಕರು ತುಂಡುಗಳನ್ನು ಬೇರ್ಪಡಿಸಿ ಗುರುತು ಹಿಡಿದರು. ಆದರೆ ಈ ವಿಧಾನ "ಇವರಲ್ಲ" ಎನ್ನಲು ಗಟ್ಟಿ, "ಇವರೇ" ಎನ್ನಲು ಅಷ್ಟು ಗಟ್ಟಿಯಲ್ಲ.

ಡಿಎನ್‌ಎಗೆ ದವಡೆ ಹಲ್ಲು, ತೊಡೆ ಎಲುಬು ಒಳ್ಳೆಯದು. ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಪಂಜಾಬಿನ ಅಜ್ನಾಲಾ ಉದಾಹರಣೆ. 2014ರಲ್ಲಿ ಅಲ್ಲಿನ ಒಂದು ಹಳೆಯ ಬಾವಿಯಿಂದ ಎಲುಬುಗಳ ರಾಶಿ ತೆಗೆದರು. ಊರಿನವರೇ ಅಗೆದದ್ದರಿಂದ ಬಹಳಷ್ಟು ಒಡೆದು ಬೆರೆತುಹೋಗಿತ್ತು. ಆದರೂ ಪಂಜಾಬ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಜೆ.ಎಸ್. ಸೆಹ್ರಾವತ್ ಮತ್ತು ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರ)ಯವರು ಹಲ್ಲುಗಳ ಡಿಎನ್‌ಎ, ಐಸೊಟೋಪ್ (ಕುಡಿದ ನೀರು, ಉಂಡ ಆಹಾರದಿಂದ ಹಲ್ಲಿನಲ್ಲಿ ಉಳಿಯುವ ಗುರುತು) ನೋಡಿ, ಇವರು ಪಂಜಾಬಿನವರಲ್ಲ, ಗಂಗಾ ಬಯಲಿನವರು ಎಂದು 2022ರಲ್ಲಿ ಪ್ರಕಟಿಸಿದರು. 1857ರಲ್ಲಿ ಕೊಂದು ಬಾವಿಗೆ ಹಾಕಿದ 26ನೇ ಬಂಗಾಳ ಪದಾತಿ ದಳದ ಸಿಪಾಯಿಗಳ ಬಗ್ಗೆ ಬರಹದಲ್ಲಿ ಇದ್ದದ್ದಕ್ಕೆ ಇದು ಹೊಂದಿತು.

ಕೋರ್ಟಿನಲ್ಲಿ ತಜ್ಞರ ಮಾತು ಅಭಿಪ್ರಾಯ ಎಂದೇ ದಾಖಲಾಗುತ್ತದೆ, ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿದೆ. ಸತ್ತ ಕಾರಣ ಎಲುಬಿನಲ್ಲಿ ಕಾಣದಿದ್ದರೆ "ಹೇಳಲಾಗದು" ಎಂದು ಬರೆಯುವುದೂ ಸರಿಯಾದ ವರದಿಯೇ. ಕುತ್ತಿಗೆ ಹಿಸುಕಿದ್ದು, ಮುಳುಗಿದ್ದು ಎಲುಬಿನಲ್ಲಿ ಗುರುತೇ ಬಿಡದೆ ಹೋಗಬಹುದು.

ಇದನ್ನು ಓದಬೇಕೆಂದರೆ

ದಾರಿ ಎರಡು. ಎಂಬಿಬಿಎಸ್ ಮುಗಿಸಿ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಮಾಡುವುದು ಒಂದು. ಮಾನವಶಾಸ್ತ್ರ ಅಥವಾ ಫೊರೆನ್ಸಿಕ್ ಸೈನ್ಸ್‌ನಲ್ಲಿ ಎಂಎಸ್ಸಿ, ಆಮೇಲೆ ಪಿಎಚ್‌ಡಿ ಇನ್ನೊಂದು. ನಮ್ಮ ಮಕ್ಕಳಿಗೆ ಧಾರವಾಡವೇ ಹತ್ತಿರ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರವೂ ಇದೆ, ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವೂ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದಾರೆ. ಯಾವ ಕೋರ್ಸಿಗೇ ಸೇರಲಿ, ಎಲುಬನ್ನು ಕೈಯಲ್ಲಿ ಹಿಡಿದು ಕಲಿಸುತ್ತಾರೋ, ಬರೀ ಸ್ಲೈಡ್ ತೋರಿಸುತ್ತಾರೋ ಅಂತ ಫೀಸು ಕಟ್ಟುವ ಮೊದಲೇ ಕೇಳಿ.

ಮನೆಯವರು ಕಾಣೆಯಾಗಿದ್ದರೆ

ದೂರು ಕೊಡುವಾಗ ಎತ್ತರ, ಬಣ್ಣ, ಅಂಗಿಯ ವಿವರದ ಜತೆ ಇದನ್ನೂ ಬರೆಸಿ: ಹಿಂದೆ ಯಾವ ಎಲುಬು ಮುರಿದಿತ್ತು, ರಾಡ್ ಹಾಕಿಸಿದ್ದರೇ, ಯಾವ ಆಸ್ಪತ್ರೆ, ಯಾವ ಹಲ್ಲು ಬಿದ್ದಿತ್ತು, ಯಾವುದಕ್ಕೆ ಸಿಮೆಂಟ್ ತುಂಬಿಸಿದ್ದರು. ಒಳಗೆ ಕೂರಿಸುವ ರಾಡು, ಪ್ಲೇಟುಗಳ ಮೇಲೆ ಕಂಪನಿಯ ಗುರುತು, ನಂಬರು ಇರುತ್ತವೆ. ಆಸ್ಪತ್ರೆಯ ಕಾಗದದ ಜತೆ ಅದು ಹೊಂದಿದರೆ ಗುರುತು ಬಹಳ ಗಟ್ಟಿ. ಎಕ್ಸ್‌ರೇ ಫಿಲ್ಮುಗಳನ್ನು ರದ್ದಿಗೆ ಹಾಕಬೇಡಿ. ಹಲ್ಲು ಕಾಣುವಂತೆ ನಕ್ಕ ಫೋಟೋ ಇದ್ದರೆ ಕೊಡಿ, ಪಾಸ್‌ಪೋರ್ಟ್ ಫೋಟೋಗಿಂತ ಅದೇ ಉಪಯೋಗ. ಡಿಎನ್‌ಎಗೆ ತಂದೆ ತಾಯಿ ಅಥವಾ ಮಕ್ಕಳ ರಕ್ತ ಮೊದಲ ಆಯ್ಕೆ. ಅವರಿಲ್ಲದಿದ್ದರೆ ಒಬ್ಬ ತಾಯಿಯ ಮಕ್ಕಳು, ತಾಯಿಯ ಅಕ್ಕತಂಗಿಯರು ಆಗುತ್ತಾರೆ, ಏಕೆಂದರೆ ಒಂದು ಬಗೆಯ ಡಿಎನ್‌ಎ ತಾಯಿಯಿಂದಲೇ ಬರುತ್ತದೆ.

ಗುರುತು ಖಾತ್ರಿಯಾದ ಮೇಲೆ ತನಿಖಾಧಿಕಾರಿಗೆ ಅರ್ಜಿ ಕೊಟ್ಟು ಎಲುಬುಗಳನ್ನು ಅಂತ್ಯಕ್ರಿಯೆಗೆ ಕೇಳಬಹುದು. ಕೇಸಿಗೆ ಬೇಕಾದ ಭಾಗವನ್ನು ಅವರು ಇಟ್ಟುಕೊಳ್ಳಬಹುದು. ಕೊಟ್ಟದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂದು ಬರೆಸಿಕೊಂಡೇ ಸಹಿ ಮಾಡಿ. ಗುರುತಿನ ವರದಿಯ ದೃಢೀಕೃತ ನಕಲನ್ನೂ ಅದೇ ಅರ್ಜಿಯಲ್ಲಿ ಕೇಳಿ. ಕಾಣೆಯಾದವರು ಸತ್ತಿದ್ದಾರೆಂದು ಕಾನೂನು ಭಾವಿಸಲು ಸಾಮಾನ್ಯವಾಗಿ ಏಳು ವರ್ಷ ಕಾಯಬೇಕು. ಗುರುತು ಸಾಬೀತಾಗಿದ್ದರೆ ಅಷ್ಟು ಕಾಯದೆ ಮರಣ ಪ್ರಮಾಣಪತ್ರಕ್ಕೆ ಹಾಕಬಹುದು. ಅದು ಕೈಗೆ ಬಂದರೆ ವಿಮೆ, ಬ್ಯಾಂಕಿನ ಕೆಲಸ, ಹೊಲದ ವಾರಸಾ ಮತ್ತು ಉತಾರದಲ್ಲಿ ಹೆಸರು ಬದಲಾವಣೆ ಎಲ್ಲ ಮುಂದೆ ಸಾಗುತ್ತವೆ.